ತಂತಿ ಝುಯ್ ಅಂತಿದ್ಯಾ? ಸದ್ದು ಎಲ್ಲಿಂದ ಬರುತ್ತಿದೆ ಅಂತ ಮೊದಲು ನೋಡಿ

ಕಳೆದ ತಿಂಗಳು ಒಬ್ಬ ಹುಡುಗ ಕ್ಯಾತ್ಸಂದ್ರದ ನಮ್ಮ ಮನೆಗೆ ಎಲೆಕ್ಟ್ರಿಕ್ ಗಿಟಾರ್ ಹೊತ್ತುಕೊಂಡು ಬಂದ. ತುಮಕೂರಿನಲ್ಲೇ ಹಾಸ್ಟೆಲಿನಲ್ಲಿದ್ದು ಎಂಜಿನಿಯರಿಂಗ್ ಓದುತ್ತಿದ್ದಾನೆ. ಬ್ಯಾಗಿನ ಜಿಪ್ ತೆಗೆಯುವ ಮೊದಲೇ ಶುರು ಮಾಡಿದ: "ಅಣ್ಣ, ಹೊಸ ತಂತಿ ಹಾಕಿದ್ಮೇಲೆ ಎಲ್ಲಾ ಕಡೆ ಝುಯ್ ಅಂತಿದೆ. ನೆಕ್ ಹೋಗಿದೆಯಂತೆ. ಹೊಸ ಗಿಟಾರ್ ತಗೊಳೋದೇ ಒಳ್ಳೇದಂತೆ." ಹಾಗಂತ ಹೇಳಿದವರು ಯಾರು ಅಂತ ನಾನು ಕೇಳಲಿಲ್ಲ. ಅವನ ಅಪ್ಪ ಪಾವಗಡದ ಕಡೆ ಕಡಲೆಕಾಯಿ ಬೆಳೆಯುವವರು. ಇನ್ನೊಂದು ಗಿಟಾರಿಗೆ ಮನೆಯಲ್ಲಿ ಹೇಗೆ ದುಡ್ಡು ಕೇಳಲಿ ಅನ್ನುವ ಚಿಂತೆ ಅವನ ಮುಖದಲ್ಲೇ ಕಾಣುತ್ತಿತ್ತು.

ನೆಕ್, ಅಂದರೆ ಗಿಟಾರಿನ ಉದ್ದನೆಯ ಕತ್ತು, ಚೆನ್ನಾಗಿಯೇ ಇತ್ತು. ಆ ಗಿಟಾರಿನಲ್ಲಿ ಇದ್ದದ್ದು ಮೂರು ಸಣ್ಣ ತೊಂದರೆ. ಮೂರಕ್ಕೂ ಕಾರಣ ಬೇರೆ ಬೇರೆ, ಆದರೆ ಕಿವಿಗೆ ಮೂರೂ ಒಂದೇ ಥರ ಕೇಳುತ್ತಿದ್ದವು. ಇದೇ ಇಲ್ಲಿನ ಕಷ್ಟ. ಝುಯ್ ಅನ್ನುವುದು ಜ್ವರ ಇದ್ದ ಹಾಗೆ. ಜ್ವರ ಬಂದಿದೆ ಅಂದರೆ ಏನೋ ಇದೆ ಅಂತ ಗೊತ್ತಾಗುತ್ತದೆ, ಏನಿದೆ ಅಂತ ಗೊತ್ತಾಗುವುದಿಲ್ಲ. ಹಾಗಿರುವಾಗ ಕೈಗೆ ಸಿಕ್ಕ ಸ್ಕ್ರೂ ತಿರುಗಿಸಿದರೆ ಇದ್ದ ಒಂದು ತೊಂದರೆ ಎರಡಾಗುತ್ತದೆ. ಯಾವ ತಂತಿ, ಎಷ್ಟನೇ ಫ್ರೆಟ್ (ನೆಕ್ ಮೇಲೆ ಅಡ್ಡಕ್ಕೆ ಕೂರಿಸಿದ ಲೋಹದ ಪಟ್ಟಿ), ಯಾವಾಗ ಅಂತ ಮೊದಲು ಕಿವಿಗೊಟ್ಟು ಕೇಳಬೇಕು. ಅಷ್ಟು ಕೇಳಿದರೆ ಅರ್ಧ ಕೆಲಸ ಮುಗಿದ ಹಾಗೇ.

ಎಲ್ಲಕ್ಕಿಂತ ಮೊದಲು ವೈರ್ ತೆಗೆಯಿರಿ. ಆಂಪ್, ಅಂದರೆ ಸದ್ದು ದೊಡ್ಡದು ಮಾಡುವ ಪೆಟ್ಟಿಗೆ, ಆಫ್ ಮಾಡಿ, ಸುಮ್ನೆ ಗಿಟಾರನ್ನಷ್ಟೇ ನುಡಿಸಿ. ಸದ್ದು ಇನ್ನೂ ಇದ್ದರೆ ಅದು ತಂತಿಯದ್ದು ಅಥವಾ ಯಾವುದೋ ಸಡಿಲವಾದ ಭಾಗದ್ದು. ತಂತಿ ಮುಟ್ಟದೆ ಇರುವಾಗಲೂ ಆಂಪಿನಿಂದ ಬರುವ ಗುಂಯ್ ಅನ್ನುವ ಸದ್ದು ಬೇರೆ. ಅದು ಕರೆಂಟಿನದ್ದು. ನಮ್ಮ ಮನೆಗೆ ಬರುವ ಕರೆಂಟು ಸೆಕೆಂಡಿಗೆ 50 ಸಲ ಹಿಂದೆ ಮುಂದೆ ಆಗುತ್ತದೆ. ತಂತಿಯ ಆಟವನ್ನು ಹಿಡಿದು ಆಂಪಿಗೆ ಕಳಿಸುವ ಭಾಗಕ್ಕೆ ಪಿಕಪ್ ಅನ್ನುತ್ತೇವೆ. ಒಂದೇ ಸುರುಳಿ ಇರುವ ಸಿಂಗಲ್ ಕಾಯಿಲ್ ಪಿಕಪ್ ಅದನ್ನೂ ಎಳೆದುಕೊಂಡು ಆಂಪಿಗೆ ಕಳಿಸುತ್ತದೆ. ತಂತಿಯ ಮೇಲೆ ಕೈ ಇಟ್ಟ ತಕ್ಷಣ ಆ ಗುಂಯ್ ಕಡಿಮೆಯಾದರೆ ಗಿಟಾರಿನ ಅರ್ತಿಂಗ್ ವೈರ್ ಸರಿಯಾಗಿದೆ ಅಂತ ಅರ್ಥ. ಕೈ ಇಟ್ಟಾಗ ಜಾಸ್ತಿಯಾದರೆ ಒಳಗೆ ಎಲ್ಲೋ ವೈರ್ ಬಿಟ್ಟಿರಬಹುದು. ತಂತಿ ಮುಟ್ಟಿದರೆ ಅಥವಾ ಮೈಕಿಗೆ ತುಟಿ ತಾಗಿದರೆ ಚುರ್ ಅಂತ ಶಾಕ್ ಹೊಡೆಯುತ್ತಿದ್ದರೆ ಅಲ್ಲಿಗೇ ನಿಲ್ಲಿಸಿ. ಗಣೇಶನ ಪೆಂಡಾಲಿನಲ್ಲಿ ನುಡಿಸುವ ಹುಡುಗರಿಗೆ ಇದನ್ನು ಪ್ರತಿ ವರ್ಷ ಹೇಳುತ್ತೇನೆ. ಅಲ್ಲಿ ಎಳೆದಿರುವ ಲೈನಿಗೆ ಎಷ್ಟೋ ಸಲ ಅರ್ತಿಂಗೇ ಇರುವುದಿಲ್ಲ. ಪೆಂಡಾಲಿನವರು ಅದನ್ನು ಸರಿ ಮಾಡಿಸುವವರೆಗೆ ಗಿಟಾರ್ ಮುಟ್ಟಬೇಡಿ. ಇದು ಪ್ರಾಣದ ವಿಷಯ.

ಇನ್ನು ತಂತಿಯ ಸದ್ದಿಗೆ ಬರೋಣ.

ಚಿಕ್ಕ ಮಕ್ಕಳು ಸ್ಕಿಪ್ಪಿಂಗ್ ಹಗ್ಗ ತಿರುಗಿಸುವುದನ್ನು ನೋಡಿರುತ್ತೀರಿ. ಇಬ್ಬರು ಎರಡು ತುದಿ ಹಿಡಿದು ತಿರುಗಿಸಿದಾಗ ಹಗ್ಗ ತುದಿಗಳಲ್ಲಿ ಅಷ್ಟಾಗಿ ಅಲ್ಲಾಡುವುದಿಲ್ಲ. ನಡುವೆ ದೊಡ್ಡದಾಗಿ ಉಬ್ಬಿ ನೆಲಕ್ಕೆ ತಾಗಿ ಸರ್ ಸರ್ ಅನ್ನುತ್ತದೆ. ಗಿಟಾರ್ ತಂತಿಯೂ ಹಾಗೇ. ಮೀಟಿದಾಗ ನಡುವೆ ಹೆಚ್ಚು ಆಡುತ್ತದೆ, ತುದಿಗಳಲ್ಲಿ ಕಡಿಮೆ. ಕೆಳಗೆ ಸಾಲಾಗಿ ಫ್ರೆಟ್‌ಗಳಿವೆ. ಆಡುವ ತಂತಿ ಅದರಲ್ಲಿ ಯಾವುದಕ್ಕಾದರೂ ತಾಗಿದರೆ ಝುಯ್. ವಿಷಯ ಇಷ್ಟೇ.

ಹಗ್ಗ ನೆಲಕ್ಕೆ ತಾಗಬಾರದು ಅಂದರೆ ಎರಡು ದಾರಿ. ಕೈಗಳನ್ನು ಮೇಲೆತ್ತಬಹುದು. ಇಲ್ಲವೇ ನಡುವೆ ನೆಲವನ್ನು ಸ್ವಲ್ಪ ತಗ್ಗು ಮಾಡಬಹುದು. ಗಿಟಾರಿನಲ್ಲೂ ಇವೇ ಎರಡು. ತಂತಿಯನ್ನು ಮೇಲೆತ್ತುವುದಕ್ಕೆ ಆಕ್ಷನ್ ಏರಿಸುವುದು ಅನ್ನುತ್ತೇವೆ. ನೆಕ್‌ನ ನಡುವೆ ಇರಬೇಕಾದ ಆ ಸಣ್ಣ ತಗ್ಗಿಗೆ ರಿಲೀಫ್ ಅನ್ನುತ್ತೇವೆ. ನೆಕ್ ಸ್ಕೇಲ್ ಇಟ್ಟ ಹಾಗೆ ನೆಟ್ಟಗಿರಬೇಕು ಅಂತ ತುಂಬಾ ಜನ ಅಂದುಕೊಂಡಿರುತ್ತಾರೆ. ಪೂರ್ತಿ ನೆಟ್ಟಗಿದ್ದರೆ ಸಾಮಾನ್ಯವಾಗಿ ಮೊದಲ ಫ್ರೆಟ್‌ಗಳಲ್ಲೇ ತೊಂದರೆ ಶುರುವಾಗುತ್ತದೆ. ಕೂದಲೆಳೆಯಷ್ಟು ತಗ್ಗು ಬೇಕೇ ಬೇಕು.

ಹಾಗಂತ ತಾಗಿದ್ದೆಲ್ಲಾ ತಪ್ಪು ಅಂತಲ್ಲ. ತಂಬೂರಿ ನೋಡಿ. ತಂತಿಗಳನ್ನು ಹೊತ್ತಿರುವ ತುಂಡಿಗೆ ಕುದುರೆ ಅನ್ನುತ್ತಾರೆ. ಆ ಕುದುರೆಯ ಮೇಲೆ, ತಂತಿಯ ಅಡಿಗೆ ಒಂದು ದಾರದ ಎಳೆ ಸೇರಿಸಿ ಅತ್ತಿತ್ತ ಸರಿಸುತ್ತಾರೆ. ಸರಿಯಾದ ಜಾಗಕ್ಕೆ ಬಂದಾಗ ಮಂಕಾಗಿದ್ದ ತಂತಿ ಥಟ್ಟನೆ ಝೇಂಕರಿಸುತ್ತದೆ. ಅದಕ್ಕೆ ಜೀವ ಅಂತಲೇ ಹೆಸರು. ತಂತಿ ಕುದುರೆಯ ಮೈಗೆ ಮೆತ್ತಗೆ ಸವರಿಕೊಂಡು ಹೋಗುವುದರಿಂದ ಬರುವ ನಾದ ಅದು. ಅಲ್ಲಿ ನಮಗೆ ಬೇಕಾದ ಜಾಗದಲ್ಲಿ, ಬೇಕಾದಷ್ಟೇ ತಾಗುತ್ತದೆ. ಗಿಟಾರಿನಲ್ಲಿ ಬೇಡದ ಜಾಗದಲ್ಲಿ ತಾಗುತ್ತದೆ. ವೀಣೆ ಮಾಡುವವರಿಗೂ ಈ ಕಾಟ ಗೊತ್ತು. ದೊಡ್ಡಬಳ್ಳಾಪುರ ತಾಲ್ಲೂಕಿನ ಸಿಂಪಾಡಿಪುರ ವೀಣೆ ಮಾಡುವುದಕ್ಕೇ ಹೆಸರಾದ ಊರು. ವೀಣೆಯ 24 ಮೆಟ್ಟಿಲುಗಳು ಕೂತಿರುವುದು ಮೇಣದ ಮೇಲೆ. ಒಂದು ಮೆಟ್ಟಿಲು ಏರುಪೇರಾದರೆ ಮೇಣ ಬಿಸಿ ಮಾಡಿ ಮತ್ತೆ ಕೂರಿಸಬಹುದು. ಗಿಟಾರಿನ ಫ್ರೆಟ್ ಮರದ ಸೀಳಿನಲ್ಲಿ ಬಿಗಿಯಾಗಿ ಕೂತಿರುತ್ತದೆ, ಅಷ್ಟು ಸುಲಭವಾಗಿ ಅಲ್ಲಾಡಿಸಲು ಆಗುವುದಿಲ್ಲ. ಅದಕ್ಕೇ ಇಲ್ಲಿ ನೆಕ್, ಸ್ಯಾಡಲ್, ನಟ್ ಇವುಗಳನ್ನು ಸರಿ ಮಾಡಿ, ಫ್ರೆಟ್‌ಗೆ ಕೊನೆಯಲ್ಲಿ ಕೈ ಹಾಕುವುದು.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಗಿಟಾರಿನಲ್ಲಿ ನಟ್ ಅಂದರೆ ಬೋಲ್ಟಿನ ನಟ್ಟಲ್ಲ. ತಲೆಯ ಹತ್ತಿರ ತಂತಿಗಳು ಗೀರಿನಲ್ಲಿ ಕೂತು ಹಾದುಹೋಗುವ ಬಿಳಿ ಪಟ್ಟಿಗೆ ಆ ಹೆಸರು. ಇನ್ನೊಂದು ತುದಿಯಲ್ಲಿ, ಬಾಡಿಯ ಮೇಲೆ ತಂತಿಗಳನ್ನು ಹೊತ್ತಿರುವ ಬ್ರಿಡ್ಜಿನ ಮೇಲೆ ತಂತಿ ಕೂರುವ ಸಣ್ಣ ಲೋಹದ ತುಂಡು ಸ್ಯಾಡಲ್.

ಈಗ ಸದ್ದು ಎಲ್ಲಿ ಅಂತ ಹುಡುಕುವ ಕೆಲಸ. ಪ್ರತಿ ತಂತಿಯನ್ನೂ ಒಂದೊಂದೇ ಫ್ರೆಟ್ ಒತ್ತುತ್ತಾ, ನೀವು ಮಾಮೂಲಿಯಾಗಿ ನುಡಿಸುವಷ್ಟೇ ಜೋರಾಗಿ ಮೀಟಿ. ಒಂದು ಹಾಳೆಯಲ್ಲಿ ಗುರುತು ಹಾಕಿಕೊಳ್ಳಿ. ನಾನು ಆರು ಗೆರೆ ಎಳೆದು ಝುಯ್ ಅಂದ ಕಡೆಯೆಲ್ಲಾ ಚುಕ್ಕೆ ಇಡುತ್ತೇನೆ. ಹತ್ತು ನಿಮಿಷದ ಕೆಲಸ. ಆಮೇಲೆ ಆ ಚುಕ್ಕೆಗಳೇ ಮಾತಾಡುತ್ತವೆ.

ಯಾವ ಫ್ರೆಟ್ ಕೂಡ ಒತ್ತದೆ ತಂತಿಯನ್ನು ಬಿಟ್ಟು ಮೀಟಿದಾಗ ಮಾತ್ರ ಝುಯ್ ಅಂದು, ಒಂದನೇ ಫ್ರೆಟ್ ಒತ್ತಿದ ಕೂಡಲೇ ಸರಿಹೋದರೆ ನಟ್‌ನ ಗೀರು ಆಳವಾಗಿದೆ. ಚುಕ್ಕೆಗಳೆಲ್ಲಾ ಒಂದರಿಂದ ಐದನೇ ಫ್ರೆಟ್ ಒಳಗೇ ಗುಂಪಾಗಿದ್ದರೆ ನೆಕ್‌ಗೆ ರಿಲೀಫ್ ಸಾಲದು, ಅಥವಾ ಅದು ಹಿಂದಕ್ಕೆ ಬಾಗಿದೆ. ಹನ್ನೆರಡರ ಆಚೆಗೆ ಮಾತ್ರ ಇದ್ದರೆ ಬ್ರಿಡ್ಜಿನ ಕಡೆ ತಂತಿ ತೀರಾ ಕೆಳಗಿದೆ, ಅಥವಾ ರಿಲೀಫ್ ಜಾಸ್ತಿಯಾಗಿದೆ, ಅಥವಾ ನೆಕ್ ಬಾಡಿಗೆ ಸೇರುವ ಕಡೆ ಸ್ವಲ್ಪ ಉಬ್ಬಿದೆ. ಉದ್ದಕ್ಕೂ ಚುಕ್ಕೆ ಇದ್ದರೆ ಒಟ್ಟಾರೆ ಆಕ್ಷನ್ ಕಮ್ಮಿ. ಎಲ್ಲಾ ಸರಿಯಿದ್ದು ಒಂದೇ ಒಂದು ಕಡೆ ಚುಕ್ಕೆ ಇದ್ದರೆ, ಅದರ ಮುಂದಿನ ಫ್ರೆಟ್ ಎದ್ದಿದೆ ಅಥವಾ ನೀವು ಒತ್ತಿದ ಫ್ರೆಟ್ ಸವೆದಿದೆ.

ನಮ್ಮ ಹುಡುಗನ ಹಾಳೆಯಲ್ಲಿ ಮೂರು ಥರ ಚುಕ್ಕೆ ಬಂದವು. ದಪ್ಪ ತಂತಿಗಳಲ್ಲಿ ಒಂದರಿಂದ ನಾಲ್ಕರವರೆಗೆ ಸಾಲಾಗಿ. ತೆಳು ತಂತಿಯಿಂದ ಎಣಿಸಿದರೆ ಎರಡನೇ ತಂತಿಯಲ್ಲಿ ಒಂಬತ್ತನೇ ಫ್ರೆಟ್‌ನಲ್ಲಿ ಒಂಟಿ ಚುಕ್ಕೆ. ಐದನೇ ತಂತಿ, ಅಂದರೆ ಎ ತಂತಿ ಬಿಟ್ಟು ಮೀಟಿದಾಗ ಇನ್ನೊಂದು. ಅದರ ಸದ್ದು ಮಾತ್ರ ಸ್ವಲ್ಪ ಬೇರೆ ಇತ್ತು, ಡಬ್ಬಿಯೊಳಗೆ ಕಾಳು ಅಲ್ಲಾಡಿದ ಹಾಗೆ.

"ಯಾವ ತಂತಿ ಹಾಕಿದೆ?" ಅಂತ ಕೇಳಿದೆ. ಮೊದಲು 10ರ ಸೆಟ್ ಇತ್ತಂತೆ. ಬೆರಳಿಗೆ ಹಗುರವಾಗಲಿ ಅಂತ ಈ ಸಲ 9ರ ಸೆಟ್ ಹಾಕಿದ್ದಾನೆ. ಅಲ್ಲಿಗೆ ಮೊದಲ ಗುಂಪಿನ ಚುಕ್ಕೆಗಳಿಗೆ ಉತ್ತರ ಸಿಕ್ಕಿತು. 9 ಅಂದರೆ ತೆಳುವಾದ ತಂತಿ 0.009 ಇಂಚು, 10 ಅಂದರೆ 0.010 ಇಂಚು. ನೋಡಲು ಏನೂ ವ್ಯತ್ಯಾಸವಿಲ್ಲ. ಆದರೆ ಶ್ರುತಿ ಮಾಡಿದಾಗ 10ರ ಆರು ತಂತಿಗಳು ಸೇರಿ ನೆಕ್ ಅನ್ನು ಸುಮಾರು 46 ಕೆಜಿ ಬಲದಿಂದ ಎಳೆಯುತ್ತವೆ, 9ರ ಸೆಟ್ ಸುಮಾರು 38 ಕೆಜಿ. ನೆಕ್ ಒಳಗಿರುವ ಸರಳು, ಅಂದರೆ ಟ್ರಸ್ ರಾಡ್ ಮಾತ್ರ ಹಳೆಯ 46ಕ್ಕೇ ಹೊಂದಿಕೊಂಡು ಹಿಂದಕ್ಕೆ ಎಳೆಯುತ್ತಿದೆ. ಮುಂದಿನ ಎಳೆತ ಕಮ್ಮಿಯಾಯಿತು, ನೆಕ್ ಹಿಂದಕ್ಕೆ ಹೋಯಿತು, ತಗ್ಗು ಮಾಯವಾಯಿತು. ಹಗ್ಗಜಗ್ಗಾಟದಲ್ಲಿ ಒಂದು ಕಡೆಯಿಂದ ಒಬ್ಬ ಕೈಬಿಟ್ಟ ಹಾಗೆ, ಅಷ್ಟೇ. ನೆಕ್ ಹೋಗಿದೆ ಅಂತ ಅವನಿಗೆ ಯಾರೋ ಹೇಳಿದ್ದು ಇದನ್ನೇ ನೋಡಿ.

ಶ್ರುತಿ ಇಳಿಸಿದಾಗಲೂ ಇದೇ ಕಥೆ. ಆರ್ಕೆಸ್ಟ್ರಾದಲ್ಲಿ ಹಾಡುವವರಿಗೆ ಅನುಕೂಲವಾಗಲಿ ಅಂತ ಎಲ್ಲಾ ತಂತಿ ಅರ್ಧ ಸ್ವರ ಇಳಿಸುತ್ತಾರಲ್ಲ, ಆಗ ತಂತಿಯ ಬಿಗಿ ಶೇಕಡ 11ರಷ್ಟು ಕಮ್ಮಿಯಾಗುತ್ತದೆ. ತಂತಿ ಸಡಿಲವಾಗಿ ಅಗಲಕ್ಕೆ ಆಡುತ್ತದೆ, ನೆಕ್ ಕೂಡ ಸ್ವಲ್ಪ ಹಿಂದಕ್ಕೆ ಹೋಗುತ್ತದೆ. ಹಾಗಾಗಿ ನೀವು ಯಾವ ಶ್ರುತಿಯಲ್ಲಿ ನುಡಿಸುತ್ತೀರೋ ಅದೇ ಶ್ರುತಿಗೆ ತಂದು ಆಮೇಲೆ ಅಳತೆ ನೋಡಬೇಕು. ತಂತಿ ಸಡಿಲ ಬಿಟ್ಟು ಅಳೆದರೆ ಆ ಅಳತೆ ಯಾವುದಕ್ಕೂ ಬರುವುದಿಲ್ಲ.

ರಿಲೀಫ್ ಅಳೆಯುವ ಕ್ರಮ ಹೀಗೆ. ಒಂದನೇ ಫ್ರೆಟ್ ಮೇಲೆ ಕೇಪೋ (ಎಲ್ಲಾ ತಂತಿಗಳನ್ನು ಒತ್ತಿ ಹಿಡಿಯುವ ಕ್ಲಿಪ್) ಹಾಕಿ. ನೆಕ್ ಬಾಡಿಗೆ ಸೇರುವ ಜಾಗದ ಫ್ರೆಟ್‌ನಲ್ಲಿ ಆರನೇ ತಂತಿಯನ್ನು ಬೆರಳಿನಿಂದ ಒತ್ತಿ. ಈಗ ತಂತಿಯೇ ನಿಮ್ಮ ಸ್ಕೇಲ್. ಬಿಗಿಯಾಗಿ ಎಳೆದ ತಂತಿಗಿಂತ ನೆಟ್ಟಗಿನದ್ದು ಮನೆಯಲ್ಲಿ ಇನ್ನೇನಿದೆ? ಏಳು ಅಥವಾ ಎಂಟನೇ ಫ್ರೆಟ್ ಹತ್ತಿರ ತಂತಿಗೂ ಫ್ರೆಟ್ ತಲೆಗೂ ನಡುವೆ ಎಷ್ಟು ಸಂದು ಇದೆ ನೋಡಿ. ಫೆಂಡರ್ ಕಂಪನಿ ತನ್ನ ಗಿಟಾರುಗಳಿಗೆ, ನೆಕ್‌ನ ಮುಖದ ಅಡ್ಡ ಉಬ್ಬಿನ ರೇಡಿಯಸ್ 9.5 ಇಂಚು ಆಗಿದ್ದರೆ, ಎಂಟನೇ ಫ್ರೆಟ್‌ನಲ್ಲಿ 0.010 ಇಂಚು ಇರಲಿ ಅನ್ನುತ್ತದೆ. ಅಂದರೆ ಸುಮಾರು 0.25 ಮಿಮೀ.

ಇಷ್ಟು ಸಣ್ಣ ಸಂದನ್ನು ಹೇಗಪ್ಪಾ ಅಳೆಯುವುದು ಅಂದರೆ, ಬಿ.ಎಚ್. ರಸ್ತೆಯ ಯಾವ ಬೈಕ್ ಗ್ಯಾರೇಜಿನಲ್ಲಿ ಬೇಕಾದರೂ ಕೇಳಿ. ಟ್ಯಾಪೆಟ್ ಸೆಟ್ ಮಾಡಲು ಮೆಕ್ಯಾನಿಕ್‌ಗಳ ಹತ್ತಿರ ಫೀಲರ್ ಗೇಜ್ ಇರುತ್ತದೆ. ಚಾಕುವಿನ ಹಾಗೆ ಬಿಡಿಸುವ ತೆಳು ಉಕ್ಕಿನ ಎಲೆಗಳ ಕಟ್ಟು ಅದು, ಪ್ರತಿ ಎಲೆಯ ಮೇಲೂ ದಪ್ಪ ಬರೆದಿರುತ್ತದೆ. ನಮ್ಮ ಬೀದಿಯ ಮೆಕ್ಯಾನಿಕ್ ನನಗೆ ತಮ್ಮ ಗೇಜ್ ಕೊಡುವಾಗ ಎಣ್ಣೆ ಒರೆಸಿ ಕೊಡುತ್ತಾರೆ. ಅದೂ ಸಿಗದಿದ್ದರೆ ಜೆರಾಕ್ಸ್ ಹಾಳೆ ಸಾಕು. 500 ಹಾಳೆಯ ಕಟ್ಟು ಸುಮಾರು 5 ಸೆಂಮೀ ದಪ್ಪ, ಅಂದರೆ ಒಂದು ಹಾಳೆ ಸುಮಾರು 0.1 ಮಿಮೀ. ಎರಡು ಪದರ ಸಂದಿನಲ್ಲಿ ಸಲೀಸಾಗಿ ಹೋಗಬೇಕು, ಮೂರು ಪದರ ಹಾಕಿದರೆ ತಂತಿಯನ್ನು ಮೆಲ್ಲಗೆ ಎತ್ತಬೇಕು. ಅಲ್ಲಿಗೆ ನೀವು 0.25ರ ಹತ್ತಿರ ಇದ್ದೀರಿ.

ಆ ಹುಡುಗನ ಗಿಟಾರಿನಲ್ಲಿ ಒಂದು ಪದರವೂ ಹೋಗಲಿಲ್ಲ. ತಂತಿ ಫ್ರೆಟ್‌ಗಳ ಮೇಲೆ ಮಲಗಿತ್ತು.

ಈಗ ಟ್ರಸ್ ರಾಡ್. ನೆಕ್‌ನ ಒಳಗೆ ಉದ್ದಕ್ಕೂ ಇರುವ ಲೋಹದ ಸರಳು ಇದು. ತಿರುಗಿಸಿ ಹೊಂದಿಸುವಂಥ ಟ್ರಸ್ ರಾಡಿಗೆ ಗಿಬ್ಸನ್ ಕಂಪನಿಯ ಥಡಿಯಸ್ ಮೆಕ್‌ಹ್ಯೂ 1923ರಲ್ಲಿ ಪೇಟೆಂಟ್ ಪಡೆದರು. ಅದಕ್ಕೂ ಮುಂಚೆ ನೆಕ್ ಬಾಗದಿರಲಿ ಅಂದರೆ ಸಾಮಾನ್ಯವಾಗಿ ಮರವನ್ನೇ ದಪ್ಪ ಇಡಬೇಕಿತ್ತು. ಈಗ ತೆಳ್ಳಗಿನ ನೆಕ್ ಸಾಧ್ಯವಾಗಿರುವುದು ಈ ಸರಳಿನಿಂದ. ಇದರ ತುದಿ ಕೆಲವು ಗಿಟಾರುಗಳಲ್ಲಿ ತಲೆಯ ಹತ್ತಿರ, ಕೆಲವುದರಲ್ಲಿ ಬಾಡಿಯ ಹತ್ತಿರ ಸಿಗುತ್ತದೆ. ತುದಿಗೆ ಎದುರಾಗಿ ನಿಂತು ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಿದರೆ ಬಿಗಿಯಾಗಿ ನೆಕ್ ನೆಟ್ಟಗಾಗುತ್ತದೆ, ಹಿಂದಕ್ಕೆ ಹೋಗುತ್ತದೆ. ಅದರ ಎದುರು ದಿಕ್ಕಿಗೆ ಸಡಿಲಿಸಿದರೆ ತಂತಿಗಳು ನೆಕ್ ಅನ್ನು ಮುಂದಕ್ಕೆ ಎಳೆದು ತಗ್ಗು ಬರುತ್ತದೆ.

ಇಲ್ಲಿ ದಯವಿಟ್ಟು ನಿಧಾನ. ಕಾಲು ಸುತ್ತಿಗಿಂತ ಜಾಸ್ತಿ ಒಂದೇ ಸಲಕ್ಕೆ ತಿರುಗಿಸಬೇಡಿ. ತಿರುಗಿಸಿ, ಮತ್ತೆ ಶ್ರುತಿ ಮಾಡಿ, ಮತ್ತೆ ಅಳೆಯಿರಿ. ರಾಡ್ ತಿರುಗಿಸುವ ಆರು ಮೂಲೆಯ ಅಲೆನ್ ಕೀ ಸರಿಯಾದ ಸೈಜಿನದೇ ಆಗಿರಬೇಕು. ಕೆಲವು ಗಿಟಾರಿಗೆ ಮಿಲಿಮೀಟರ್ ಕೀ, ಕೆಲವಕ್ಕೆ ಇಂಚಿನ ಕೀ ಬರುತ್ತದೆ. ಹತ್ತಿರ ಹತ್ತಿರ ಕೂರುತ್ತದಲ್ಲ ಅಂತ ಬೇರೆ ಕೀ ಹಾಕಿದರೆ ಒಳಗಿನ ಮೂಲೆಗಳು ಸವೆದು ದುಂಡಾಗುತ್ತವೆ. ನನ್ನ ಮೊದಲ ಗಿಟಾರಿಗೆ ಹೀಗೇ ಆಯಿತು. ರಿಪೇರಿಗೆ ಕೊಟ್ಟಿದ್ದೆ. ವಾಪಸ್ ಬಂದಾಗ ರಾಡಿನ ತಲೆ ಸವೆದುಹೋಗಿತ್ತು, ಯಾವ ಕೀ ಹಾಕಿದರೂ ಜಾರುತ್ತಿತ್ತು. ಆ ಗಿಟಾರ್ ಈಗಲೂ ಅಟ್ಟದ ಮೇಲಿದೆ. ಅದನ್ನು ನೋಡಿದಾಗೆಲ್ಲಾ ಹೊಟ್ಟೆ ಉರಿಯುತ್ತದೆ. ಹಾಗಾಗಿ ಕೈಗೆ ಗಟ್ಟಿ ಅನಿಸಿದರೆ, ಕಟ್ ಕಟ್ ಅಂತ ಸದ್ದು ಬಂದರೆ, ಜೋರು ಮಾಡಬೇಡಿ. ತಂತಿ ಸ್ವಲ್ಪ ಸಡಿಲಿಸಿ ನೋಡಿ. ಆಗಲೂ ಬರದಿದ್ದರೆ ಕೆಲಸ ಬಲ್ಲವರ ಹತ್ತಿರ ಒಯ್ಯಿರಿ.

ನಾನು ಅವನ ಕೈಗೇ ಕೀ ಕೊಟ್ಟೆ. "ಸಡಿಲ ಮಾಡ್ಬೇಕು ಕಣಪ್ಪಾ, ಬಿಗಿ ಅಲ್ಲ. ಗಡಿಯಾರದಲ್ಲಿ ಹನ್ನೆರಡರಿಂದ ಹತ್ತೂವರೆಗೆ ಹಿಂದೆ ಬಾ, ಅಷ್ಟೇ." ಅವನು ಉಸಿರು ಬಿಗಿಹಿಡಿದುಕೊಂಡು ತಿರುಗಿಸಿದ. ಶ್ರುತಿ ಮಾಡಿದ. ಹಾಳೆಯ ಒಂದು ಪದರ ಹೋಯಿತು. ಇನ್ನೊಂದು ಸಲ ಅಷ್ಟೇ ತಿರುಗಿಸಿದ ಮೇಲೆ ಎರಡು ಪದರ ಹೋಯಿತು. ಒಟ್ಟು ಕಾಲು ಸುತ್ತು. ದಪ್ಪ ತಂತಿಗಳ ಸಾಲು ಚುಕ್ಕೆ ಅಷ್ಟಕ್ಕೇ ಹೋದವು. ಮರ ಪೂರ್ತಿ ಕೂರಲು ಒಂದು ರಾತ್ರಿ ಬೇಕಾಗಬಹುದು, ಬೆಳಗ್ಗೆ ಮತ್ತೆ ಅಳೆ ಅಂತ ಹೇಳಿದೆ.

ಹವಾಮಾನಕ್ಕೂ ನೆಕ್‌ಗೂ ಸಂಬಂಧ ಇದೆ. ಏಪ್ರಿಲ್‌ನ ಒಣ ಬಿಸಿಲಿಗೆ ಮರ ಸಂಕೋಚವಾಗುತ್ತದೆ, ಮಳೆಗಾಲದಲ್ಲಿ ತೇವ ಹೀರಿ ಹಿಗ್ಗುತ್ತದೆ. ಬೇಸಿಗೆಯಲ್ಲಿ ನೆಕ್ ಅಂಚಿನ ಮೇಲೆ ಕೈ ಆಡಿಸಿದಾಗ ಫ್ರೆಟ್ ತುದಿಗಳು ಚುಚ್ಚಿದರೆ ಕಾರಣ ಅದೇ. ಮರ ಕುಗ್ಗಿದೆ, ಲೋಹ ಅಷ್ಟೇ ಇದೆ. ಯಾವ ನೆಕ್ ಯಾವ ಕಡೆಗೆ ಹೋಗುತ್ತದೆ ಅಂತ ಮೊದಲೇ ಹೇಳಲಾಗದು, ಮರದಿಂದ ಮರಕ್ಕೆ ಬೇರೆ. ಯುಗಾದಿ ಹೊತ್ತಿಗೆ ಒಮ್ಮೆ, ಮಳೆ ಹಿಡಿದ ಮೇಲೆ ಒಮ್ಮೆ ಅಳೆದರೆ ನಿಮ್ಮ ಗಿಟಾರಿನ ಸ್ವಭಾವ ನಿಮಗೇ ಗೊತ್ತಾಗುತ್ತದೆ.

ರಿಲೀಫ್ ಆದಮೇಲೆ ಆಕ್ಷನ್. ಈ ಕ್ರಮ ತಪ್ಪಿಸಬೇಡಿ, ಯಾಕೆಂದರೆ ನೆಕ್ ಆಡಿದರೆ ತಂತಿಯ ಎತ್ತರವೂ ಬದಲಾಗುತ್ತದೆ. ಸೊನ್ನೆ ಸರಿಯಾಗಿ ತುದಿಯಿಂದಲೇ ಶುರುವಾಗುವ ಸಣ್ಣ ಸ್ಟೀಲ್ ಸ್ಕೇಲ್ ತಗೊಳ್ಳಿ. ಫೆಂಡರ್ ಹೇಳುವ ಅಳತೆ 17ನೇ ಫ್ರೆಟ್‌ನಲ್ಲಿ ಫ್ರೆಟ್ ತಲೆಯಿಂದ ತಂತಿಯ ಕೆಳ ಅಂಚಿಗೆ 1.6 ಮಿಮೀ. ನಾನು ಸಾಮಾನ್ಯವಾಗಿ 12ನೇ ಫ್ರೆಟ್‌ನಲ್ಲಿ ನೋಡುತ್ತೇನೆ. ದಪ್ಪ ತಂತಿಗೆ 2 ಮಿಮೀ ಒಳಗೆ, ತೆಳು ತಂತಿಗೆ 1.5ರ ಹತ್ತಿರ. ದಪ್ಪ ತಂತಿ ಹೆಚ್ಚು ಅಗಲಕ್ಕೆ ಆಡುವುದರಿಂದ ಅದಕ್ಕೆ ಜಾಸ್ತಿ ಜಾಗ ಬೇಕು. ಸ್ಯಾಡಲ್ ಪಕ್ಕದ ಎರಡು ಪುಟ್ಟ ಸ್ಕ್ರೂಗಳನ್ನು ಸಮವಾಗಿ ತಿರುಗಿಸಿ ಏರಿಸಬೇಕು. ಸ್ಯಾಡಲ್ 1 ಮಿಮೀ ಏರಿಸಿದರೆ 12ನೇ ಫ್ರೆಟ್‌ನಲ್ಲಿ ಏರುವುದು ಅದರ ಅರ್ಧ. ಯಾಕೆಂದರೆ ಆ ಫ್ರೆಟ್ ತಂತಿಯ ಸರಿ ನಡುವೆ ಇದೆ. ಹಿಂದೆ ಸ್ಪ್ರಿಂಗ್ ಇದ್ದು ತೇಲುವ ಬ್ರಿಡ್ಜ್ ಆಗಿದ್ದರೆ ಇನ್ನೊಂದು ವಿಷಯ ನೋಡಿಕೊಳ್ಳಿ. ತೆಳು ತಂತಿ ಹಾಕಿದಾಗ ಸ್ಪ್ರಿಂಗ್ ಗೆದ್ದು ಬ್ರಿಡ್ಜನ್ನೇ ಕೆಳಕ್ಕೆ ಎಳೆಯುತ್ತದೆ, ಆಕ್ಷನ್ ತಾನಾಗಿ ಇಳಿಯುತ್ತದೆ. ಆಗ ಸ್ಯಾಡಲ್ ಮುಟ್ಟದೆ ಹಿಂದಿನ ಸ್ಪ್ರಿಂಗ್ ಸಡಿಲಿಸಿ ಬ್ರಿಡ್ಜನ್ನು ಮೊದಲಿನ ಮಟ್ಟಕ್ಕೆ ತರಬೇಕು.

ಆಕ್ಷನ್ ಎಷ್ಟು ಕೆಳಗಿದ್ದರೆ ಅಷ್ಟು ಒಳ್ಳೆಯ ಗಿಟಾರ್ ಅನ್ನುವ ನಂಬಿಕೆ ಇದೆ. ನಾನು ಒಪ್ಪುವುದಿಲ್ಲ. ಮೆತ್ತಗೆ ಮೀಟುವವರಿಗೆ ಕೆಳಗಿನ ಆಕ್ಷನ್ ಸರಿ. ಜೋರಾಗಿ ರಿದಮ್ ಬಾರಿಸುವವರು ಅದೇ ಅಳತೆ ಕೇಳಿದರೆ ಝುಯ್ ತಪ್ಪುವುದಿಲ್ಲ. ಬೆರಳನ್ನು ಎರಡು ಫ್ರೆಟ್‌ಗಳ ನಡುವೆ ಇಡದೆ ಮುಂದಿನ ಫ್ರೆಟ್‌ಗೆ ಒತ್ತಿಕೊಂಡ ಹಾಗೆ ಇಡುವುದರಿಂದಲೇ ಎಷ್ಟೋ ಸದ್ದು ಹೋಗುತ್ತದೆ. ಹೊಸಬರ ಗಿಟಾರ್ ನನ್ನ ಕೈಗೆ ಬಂದಾಗ ಮೊದಲು ಅವರ ಬೆರಳು ನೋಡುತ್ತೇನೆ.

ನಟ್ ಪರೀಕ್ಷೆ ಸುಲಭ. ಮೂರನೇ ಫ್ರೆಟ್ ಒತ್ತಿ ಹಿಡಿದು ಒಂದನೇ ಫ್ರೆಟ್ ಮೇಲೆ ತಂತಿಯನ್ನು ಬೆರಳಿಂದ ತಟ್ಟಿ. ಟಿಕ್ ಟಿಕ್ ಅಂದು ಕೂದಲೆಳೆಯಷ್ಟು ಆಡಿದರೆ ಸರಿಯಿದೆ. ಆಡದೆ ಕೂತಿದ್ದರೆ ಗೀರು ಆಳ. ಹೊಸ ನಟ್ ಹಾಕಿಸುವವರೆಗೆ ಗೀರಿಗೆ ಚಿಟಿಕೆಗೂ ಕಮ್ಮಿ ಅಡುಗೆ ಸೋಡಾ ತುಂಬಿ ಮೇಲೆ ಒಂದು ಹನಿ ಫೆವಿಕ್ವಿಕ್ ಬಿಟ್ಟರೆ ಕ್ಷಣದಲ್ಲಿ ಕಲ್ಲಾಗುತ್ತದೆ. ಆಮೇಲೆ ಸಣ್ಣ ಅರದಿಂದ ಗೀರು ಮತ್ತೆ ತೆಗೆಯಬೇಕು. ಸುತ್ತ ಟೇಪ್ ಅಂಟಿಸಿ ಮಾಡಿ, ಪಾಲಿಶ್ ಮೇಲೆ ಹನಿ ಬಿದ್ದರೆ ಕಲೆ ಹೋಗುವುದಿಲ್ಲ.

ಒಂಬತ್ತನೇ ಫ್ರೆಟ್‌ನ ಒಂಟಿ ಚುಕ್ಕೆಗೆ ಬರೋಣ. ಒಂಬತ್ತು ಒತ್ತಿದಾಗ ಝುಯ್, ಎಂಟರಲ್ಲಿ ಇಲ್ಲ, ಹತ್ತರಲ್ಲಿ ಇಲ್ಲ. ಹಾಗಾದರೆ ಅನುಮಾನ ಹತ್ತನೇ ಫ್ರೆಟ್ ಮೇಲೆ. ಇದನ್ನು ನೋಡಲು ಹಳೆಯ ಎಟಿಎಂ ಕಾರ್ಡ್ ಸಾಕು. ಕಾರ್ಡಿನ ಅಂಚನ್ನು ಮೂರು ಫ್ರೆಟ್‌ಗಳ ಮೇಲೆ, ಸರಿಯಾಗಿ ಮೂರೇ ಫ್ರೆಟ್ ಮೇಲೆ ನಿಲ್ಲಿಸಿ. ಮೊದಲ ಫ್ರೆಟ್‌ಗಳಿಗೆ 85.6 ಮಿಮೀ ಉದ್ದದ ಅಂಚು, ಏಳರ ನಂತರ 54 ಮಿಮೀ ಗಿಡ್ಡ ಅಂಚು. ಹನ್ನೆರಡರ ಆಚೆಗೆ ಕಾರ್ಡನ್ನೇ ಇನ್ನೂ ಚಿಕ್ಕದಾಗಿ, ನೆಟ್ಟಗೆ ಕತ್ತರಿಸಿಕೊಳ್ಳಬೇಕು. ನಡುವಿನ ಫ್ರೆಟ್ ಎದ್ದಿದ್ದರೆ ಕಾರ್ಡ್ ತೊಟ್ಟಿಲಿನ ಹಾಗೆ ಅತ್ತಿತ್ತ ತೂಗುತ್ತದೆ, ಕಟಕಟ ಅನ್ನುತ್ತದೆ. ಸಮ ಇದ್ದರೆ ಕದಲುವುದಿಲ್ಲ. ಎರಡನೇ ತಂತಿಯ ಅಡಿಯಲ್ಲಿ ಒಂಬತ್ತು, ಹತ್ತು, ಹನ್ನೊಂದರ ಮೇಲೆ ಇಟ್ಟಾಗ ಕಾರ್ಡ್ ತೂಗಿತು. ಐದನೇ ತಂತಿಯ ಅಡಿಯಲ್ಲಿ ಇಟ್ಟಾಗ ತೂಗಲಿಲ್ಲ. ಹತ್ತನೇ ಫ್ರೆಟ್‌ನ ತೆಳು ತಂತಿ ಕಡೆಯ ತುದಿ ಮಾತ್ರ ಸೀಳಿನಿಂದ ಎದ್ದಿತ್ತು. ಹೆಬ್ಬೆರಳಲ್ಲಿ ಒತ್ತಿದರೆ ಕೆಳಗೆ ಹೋಗುತ್ತಿತ್ತು, ಬಿಟ್ಟರೆ ಮತ್ತೆ ಮೇಲೆ.

ಅದು ಎದ್ದದ್ದಾಗಿದ್ದರಿಂದ ಉಜ್ಜುವ ಅಗತ್ಯ ಬರಲಿಲ್ಲ. ತಂತಿ ಪಕ್ಕಕ್ಕೆ ಸರಿಸಿ, ಅಕ್ಕಪಕ್ಕ ಟೇಪ್ ಅಂಟಿಸಿ, ಸೀಳಿಗೆ ಒಂದು ಹನಿ ತೆಳು ಅಂಟು ಬಿಟ್ಟು, ಮೇಲೆ ಮರದ ತುಂಡು ಇಟ್ಟು ಒತ್ತಿ ಹಿಡಿದೆವು. ಎರಡು ನಿಮಿಷ. ಕಾರ್ಡ್ ಇಟ್ಟರೆ ಕದಲಲಿಲ್ಲ. ಆದರೆ ಫ್ರೆಟ್ ಬಿಗಿಯಾಗಿ ಕೂತೂ ಎತ್ತರ ಇದ್ದರೆ, ಅಥವಾ ತುಂಬಾ ಕಡೆ ಏರುಪೇರಿದ್ದರೆ, ಎಲ್ಲಾ ಫ್ರೆಟ್‌ಗಳನ್ನು ಒಂದು ಮಟ್ಟಕ್ಕೆ ಉಜ್ಜಿ, ಪ್ರತಿಯೊಂದರ ತಲೆಯನ್ನೂ ಮತ್ತೆ ದುಂಡು ಮಾಡಿ, ಪಾಲಿಶ್ ಮಾಡಬೇಕಾಗುತ್ತದೆ. ಆ ಕೆಲಸವನ್ನು ಮೊದಲ ಸಲ ನಿಮ್ಮ ಒಳ್ಳೆಯ ಗಿಟಾರಿನ ಮೇಲೆ ಮಾಡಬೇಡಿ. ಉಜ್ಜಿದ ಲೋಹ ವಾಪಸ್ ಬರುವುದಿಲ್ಲ.

ಮೂರನೆಯದು ಡಬ್ಬಿಯೊಳಗೆ ಕಾಳು ಅಲ್ಲಾಡಿದ ಹಾಗಿನ ಸದ್ದು. ಎ ತಂತಿ ಬಿಟ್ಟು ಮೀಟಿದಾಗ ಬರುತ್ತಿತ್ತು. ನಟ್ ನೋಡಿದೆವು, ಸರಿಯಿತ್ತು. ಆಗ ಅವನಿಗೆ ಆರನೇ ತಂತಿಯ ಐದನೇ ಫ್ರೆಟ್ ನುಡಿಸಲು ಹೇಳಿದೆ. ಅದೂ ಅದೇ ಎ ಸ್ವರ, ಎರಡೂ ಸೆಕೆಂಡಿಗೆ 110 ಸಲ ಆಡುತ್ತವೆ. ಅಲ್ಲೂ ಅದೇ ಕಾಳಿನ ಸದ್ದು! ತಂತಿ ಬೇರೆ, ಫ್ರೆಟ್ ಬೇರೆ, ಆದರೆ ಸ್ವರ ಒಂದೇ. ಸದ್ದು ಸ್ವರದ ಹಿಂದೆ ಬರುತ್ತಿದ್ದರೆ ಅದು ಫ್ರೆಟ್‌ನದ್ದಲ್ಲ. ಎಲ್ಲೋ ಒಂದು ಸಡಿಲವಾದ ಭಾಗ ಆ ಸ್ವರಕ್ಕೆ ತಾನೂ ಕುಣಿಯುತ್ತಿದೆ. ಬಸ್ಸು ಒಂದು ವೇಗಕ್ಕೆ ಬಂದಾಗ ಒಂದೇ ಕಿಟಕಿ ಗಡಗಡ ಅನ್ನುತ್ತದಲ್ಲ, ಹಾಗೆ. ಅವನು ಎ ಮೀಟುತ್ತಿದ್ದ, ನಾನು ಒಂದೊಂದೇ ಭಾಗವನ್ನು ಬೆರಳಿಂದ ಒತ್ತುತ್ತಾ ಹೋದೆ. ಟ್ಯೂನಿಂಗ್ ಕೀಲಿಗಳ ಬುಡದ ಷಟ್ಕೋನದ ನಟ್ಟು, ಸ್ಯಾಡಲ್ ಸ್ಕ್ರೂ, ಪಿಕಪ್ ಸ್ಪ್ರಿಂಗು, ಜ್ಯಾಕಿನ ತಗಡು, ಬೆಲ್ಟಿನ ಗುಬ್ಬಿ. ಮೂರನೇ ಕೀಲಿಯ ಬುಡ ಒತ್ತಿದ ಕೂಡಲೇ ಸದ್ದು ನಿಂತಿತು. ಸ್ಪ್ಯಾನರ್‌ನಿಂದ ಸ್ವಲ್ಪ ತಿರುಗಿಸಿದೆ. ಮುಗಿಯಿತು.

ಆಕ್ಷನ್ ಮುಟ್ಟಿದ ಮೇಲೆ ಇನ್ನೆರಡು ನೋಡಲೇಬೇಕು. ಒಂದು ಇಂಟೊನೇಶನ್, ಅಂದರೆ ಫ್ರೆಟ್ ಒತ್ತಿದಾಗಲೂ ಸ್ವರ ಶ್ರುತಿಯಲ್ಲೇ ಇರುವುದು. 12ನೇ ಫ್ರೆಟ್ ಮೇಲೆ ತಂತಿಯನ್ನು ಸುಮ್ನೆ ಸವರಿ ಬರುವ ಹಾರ್ಮೋನಿಕ್‌ಗೂ ಅಲ್ಲೇ ಒತ್ತಿ ಬರುವ ಸ್ವರಕ್ಕೂ ಟ್ಯೂನರಿನಲ್ಲಿ ವ್ಯತ್ಯಾಸ ಇರಬಾರದು. ಒತ್ತಿದ್ದು ಏರಿದ್ದರೆ ಸ್ಯಾಡಲ್ ಹಿಂದಕ್ಕೆ, ಇಳಿದಿದ್ದರೆ ಮುಂದಕ್ಕೆ. ಇನ್ನೊಂದು ಪಿಕಪ್. ಅದರೊಳಗೆ ಅಯಸ್ಕಾಂತ ಇದೆ. ತಂತಿಗೆ ತೀರಾ ಹತ್ತಿರ ಬಂದರೆ ತಂತಿಯನ್ನು ತನ್ನ ಕಡೆ ಎಳೆಯುತ್ತದೆ. ಆಗ ಮೇಲಿನ ಫ್ರೆಟ್‌ಗಳಲ್ಲಿ ದಪ್ಪ ತಂತಿ ನುಡಿಸಿದರೆ ಸ್ವರ ಅಲೆಅಲೆಯಾಗಿ ಒಡೆಯುತ್ತದೆ, ಶ್ರುತಿ ಮಾಡಲು ಹೋದರೂ ನಿಲ್ಲುವುದಿಲ್ಲ. ಇದನ್ನೇ ಫ್ರೆಟ್ ಬಝ್ ಅಂದುಕೊಂಡು ದಿನಗಟ್ಟಲೆ ಒದ್ದಾಡಿದವರನ್ನು ನೋಡಿದ್ದೇನೆ. ಕೊನೆಯ ಫ್ರೆಟ್ ಒತ್ತಿ ಹಿಡಿದು ಅಳೆದಾಗ ಸಾಮಾನ್ಯ ಸಿಂಗಲ್ ಕಾಯಿಲ್‌ಗೆ ದಪ್ಪ ತಂತಿ ಕಡೆ 2 ಮಿಮೀ, ತೆಳು ತಂತಿ ಕಡೆ 1.6 ಮಿಮೀ ದೂರ ಇರಲಿ. ಅಯಸ್ಕಾಂತ ಜೋರಿದ್ದರೆ ಇನ್ನೂ ದೂರ.

ಎಲ್ಲಾ ಮುಗಿಸಿ ವೈರ್ ಹಾಕಿದಾಗ ಸಂಜೆಯಾಗಿತ್ತು. ಆರನೇ ತಂತಿಯನ್ನು ತೀರಾ ಜೋರಾಗಿ ಹೊಡೆದರೆ ಕಿವಿ ಹತ್ತಿರ ಇಟ್ಟವರಿಗೆ ಇನ್ನೂ ಸಣ್ಣಗೆ ಕೇಳುತ್ತಿತ್ತು, ಆಂಪಿನಲ್ಲಿ ಬರುತ್ತಿರಲಿಲ್ಲ. "ಅದನ್ನೂ ತೆಗೀಬೇಕಾ ಅಣ್ಣ?" ಅಂದ. ಅದನ್ನು ತೆಗೆಯಲು ಆಕ್ಷನ್ ಏರಿಸಬೇಕು, ಆಗ ನಿನ್ನ ಬೆರಳು ನೋಯುತ್ತದೆ, ನೀನೇ ನೋಡು ಅಂದೆ. ಅವನು ಇನ್ನೆರಡು ಸಲ ಮೀಟಿ ನೋಡಿ, ಇರಲಿ ಬಿಡಿ ಅಂದ. ಚುಕ್ಕೆ ಹಾಕಿದ್ದ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಗಿಟಾರ್ ಬ್ಯಾಗಿನ ಜೇಬಿಗೆ ಹಾಕಿಕೊಂಡ.